ಬರ್ತೀನಿ ಅಂದವರ ಖಾನೆ

ಧರಮಪೇಠ, ನಾಗಪುರ
12 ಸೆಪ್ಟೆಂಬರ್ 1998

ಅವ್ವಾ, ಶರಣು.

ನಮ್ಮ ಸೀರೆ ಅಂಗಡಿಗೆ ದಿಲ್ಲಿಯಿಂದ ಹೊಸ ಮ್ಯಾನೇಜರ್ ಬಂದಾರ. ನಮ್ಮ ಕೆಲಸಕ್ಕ ಮಾರ್ಕ್ಸ್ ಹಾಕಾಕ ಒಂದು ಚಾರ್ಟ್ ಮಾಡ್ಯಾರ. ಸೀರೆ ತಗೊಳ್ಳದ ಗಿರಾಕಿ ಮತ್ತ ಬರ್ತಾರೋ ಇಲ್ಲೋ, ಅದರ ಎರಡು ಖಾನೇದಾಗ ನಾವು ಬರೀಬೇಕು; ಬರೆದಂಗ ಆದ್ರ ಮಾರ್ಕ್ಸ್, ಇಲ್ಲಾಂದ್ರ ಸೊನ್ನೆ. ಇಲ್ಲಿ ಮರಾಠಿಯವರೂ ನಮ್ಮಂಗ ಹೊಂಡುವಾಗ 'ಯೇತೇ', ಬರ್ತೀನಿ, ಅಂತಾರ. ಬರ್ತೀನಿ ಅಂದವರನ್ನ ಬರೂದಿಲ್ಲ ಅಂತ ಹೆಂಗ ಬರೀಲಿ? ಎಲ್ಲಾರನ್ನೂ ಬರೋರ ಖಾನೇದಾಗ ಹಾಕಿದೆ. ತಿಂಗಳಾತು, ಒಬ್ಬರೂ ಬರಲಿಲ್ಲ. ನನಗ ಸೊನ್ನೆ ಬಿತ್ತು. ಇನ್ನೊಂದು ಬಿದ್ರ ಕೌಂಟರ್ ಬಿಡಿಸಿ ಗೋದಾಮಿಗೆ ಹಾಕ್ತಾರಂತ.

ನೀನೂ ಮೂರು ವರ್ಷದಿಂದ 'ದೀಪಾವಳಿಗೆ ಬರ್ತೀನಿ' ಅಂತ ಬರೀತಿ. ನಿನ್ನನ್ನೂ ಅದ ಖಾನೇದಾಗ ಇಟ್ಟೀನಿ. ಈ ಸಲ ಟಿಕೇಟು ಜಲ್ದಿ ತಗೀಸು, ಶೇಂಗಾ ಚಟ್ನಿ ತಾ. ನನಗ ಇನ್ನೊಂದು ಸೊನ್ನೆ ಹಾಕಿಸಬ್ಯಾಡ.

ನಿನ್ನ ಹಾದಿ ನೋಡೂ
ಕಲಾವತಿ