ಡಿ ದರ್ಜೆಯ ಸರದಿ

ಸ್ಫಾಕ್ಸ್, ಡಿಸೆಂಬರ್ ೧೨

ಪ್ರೀತಿಯ ಮಗಳು ಇಬ್ತಿಸಾಮ್‌ಗೆ,

ಫೋನು ಮಾಡಿದರೆ ಮೀಟಿಂಗಿನಲ್ಲಿದ್ದೀನಿ ಅನ್ನುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಆರೋಗ್ಯವಾಗಿದ್ದೇನೆ, ಸುಸ್ತಾಗಿದ್ದೇನೆ.

ಟ್ಯೂನಿಸ್‌ನಲ್ಲಿರುವ ಬ್ಯಾಂಕಿನ ಪ್ರಧಾನ ಕಚೇರಿಯಿಂದ ನಿಮ್ಮ ವಿಭಾಗದ ಸುತ್ತೋಲೆ ನಮ್ಮ ಶಾಖೆಗೆ ಬಂತು. ವಾರ್ಷಿಕ ಮೌಲ್ಯಮಾಪನದಲ್ಲಿ ಎರಡು ಸಲ ಎಲ್ಲಕ್ಕಿಂತ ಕೆಳಗಿನ ಡಿ ದರ್ಜೆ ಬಂದವರನ್ನು ಇನ್ನು ಮುಂದೆ ಕೆಲಸದಿಂದ ತೆಗೆಯುತ್ತೀರಂತೆ. ಕೆಳಗೆ ನಿನ್ನ ಸಹಿ.

ನಾನು ಕೆಲಸಕ್ಕೆ ಸೇರಿದಾಗ ನಿಮ್ಮ ವಿಭಾಗವನ್ನು ಸಿಬ್ಬಂದಿ ಕಚೇರಿ ಎನ್ನುತ್ತಿದ್ದರು. ಸಿಗರೇಟು ಸೇದುತ್ತಾ ಕೂತಿರುತ್ತಿದ್ದ ಒಬ್ಬ ಮುದುಕನಿಗೆ ಯಾರ ತಾಯಿಗೆ ಕಾಯಿಲೆ, ಯಾರ ಮನೆಯಲ್ಲಿ ಮದುವೆ ಎಲ್ಲ ಗೊತ್ತಿತ್ತು. ಈಗ ಅದು ಮಾನವ ಸಂಪನ್ಮೂಲ ವಿಭಾಗ. ನಮ್ಮೂರಲ್ಲಿ ಸಂಪನ್ಮೂಲ ಅಂದರೆ ಫಾಸ್ಫೇಟು, ಆಲಿವ್ ಎಣ್ಣೆ. ಆ ಸಾಲಿಗೆ ನಾವೂ ಸೇರಿದೆವು.

ನಿನಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಪ್ರತಿ ಶಾಖೆಯೂ ವರ್ಷಕ್ಕೊಬ್ಬರಿಗೆ ಡಿ ಕೊಡಲೇಬೇಕೆಂಬ ನಿಯಮ ಬಂದಾಗ, ಇಲ್ಲಿ ಕೆಲಸಗಳ್ಳರು ಯಾರೂ ಇರಲಿಲ್ಲ. ಹಾಗಾಗಿ ನಾವು ಐವರು ಸರದಿ ಮಾಡಿಕೊಂಡೆವು. ಡಿ ಬಂದವರಿಗೆ ಬೋನಸ್ ಇಲ್ಲ. ಉಳಿದ ನಾಲ್ವರು ಸೇರಿ ಅವರ ಮನೆಗೆ ಬಕ್ರೀದಿನ ಕುರಿ ಕೊಡಿಸುತ್ತಿದ್ದೆವು. ವಫಾ ತನ್ನ ಹೆರಿಗೆ ರಜೆಯ ವರ್ಷ ಡಿ ತೆಗೆದುಕೊಂಡಳು. ಕ್ಯಾಷಿಯರ್ ಹಾತಿಮ್‌ಗೆ ಆಗಿನ್ನೂ ಮದುವೆಯಾಗಿರಲಿಲ್ಲ. "ನಂಗೇನು ಹೆಂಡ್ತಿನಾ, ಮಕ್ಕಳಾ? ಈ ಸಲ ನನ್ನ ತಲೆ ಮೇಲೆ ಹಾಕಿ" ಅಂದ. ಹೀಗೆ ಒಬ್ಬರೂ ಬಿಡದೆ ಎಲ್ಲರಿಗೂ ಒಂದೊಂದು ಡಿ ಆಗಿದೆ. ನೀವು ಅದನ್ನು ಅಸಾಮರ್ಥ್ಯವೆಂದು ಓದಿಕೊಂಡಿರಿ. ಈ ವರ್ಷ ಯಾರಿಗೆ ಕೊಟ್ಟರೂ ಅದು ಅವರ ಎರಡನೆಯ ಡಿ.

ನಿನ್ನೆ ಊಟದ ಹೊತ್ತಿಗೆ ಮ್ಯಾನೇಜರ್ ಮುಖ್ತಾರ್ ಬಂದು ನಿಂತರು. "ನಾಳೆ ಈ ವರ್ಷದ ಡಿಗೆ ಒಂದು ಹೆಸರು ಕಳಿಸ್ಬೇಕು. ಇಲ್ಲಾಂದ್ರೆ ಅವರೇ ಒಬ್ಬರನ್ನ ಆರಿಸ್ಕೋತಾರೆ" ಅಂದರು.

"ಈ ಸಲದವರಿಗೆ ಕುರಿ ಸಾಲಲ್ಲ, ಮುಖ್ತಾರ್ ಸಾಹೇಬ್ರೇ. ಒಂಟೆ ಕೊಡಿಸ್ಬೇಕಾಗುತ್ತೆ" ಅಂದ ಹಾತಿಮ್. ಯಾರೂ ನಗಲಿಲ್ಲ. ಅವನಿಗೀಗ ಅವಳಿ ಹೆಣ್ಣುಮಕ್ಕಳು.

ವಫಾ ಮೆಲ್ಲಗೆ, "ನಝೀಹಾ ಅಕ್ಕ, ನಿಮ್ಮ ಮಗಳು ಅಲ್ಲೇ ಇದ್ದಾಳಲ್ಲ, ಒಂದು ಮಾತು ಹೇಳ್ಬಾರ್ದಾ?" ಅಂದಳು.

"ಹೇಳಿದ್ರೆ ನಮ್ಮ ಶಾಖೆ ಉಳಿಯುತ್ತೆ, ಗಾಬೆಸ್ ಶಾಖೆಯವರು ಏನ್ಮಾಡ್ಬೇಕಮ್ಮ?" ಅಂದೆ. ಆಮೇಲೆ ನನ್ನ ಮಾತು ನನಗೇ ಒರಟೆನಿಸಿತು.

ಆದ್ದರಿಂದ ನಮ್ಮ ಶಾಖೆಯೊಂದಕ್ಕೆಂದು ಕೇಳುತ್ತಿಲ್ಲ. ಶಾಖೆಗೊಂದು ಡಿ ಎಂಬ ನಿಯಮವನ್ನೇ ತೆಗೆಸು. ನಿನ್ನಿಂದ ಆಗದಿದ್ದರೆ, ಅದು ತಪ್ಪೆಂದು ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿಯಾದರೂ ಹೇಳು. ಎಂಬತ್ತರ ದಶಕದ ಮುಷ್ಕರದಲ್ಲಿ ನಾವು ಅಷ್ಟನ್ನಾದರೂ ಮಾಡಿದ್ದೆವು. ಆಗ ನನಗೆ ಈಗಿನ ನಿನ್ನಷ್ಟೂ ವಯಸ್ಸಾಗಿರಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ,
ನಝೀಹಾ

ತಾ.ಕ.: ಹೆಸರು ಇವತ್ತು ಬೆಳಗ್ಗೆಯೇ ಹೋಯಿತು. ಅದು ನನ್ನದು. ವಜಾ ಆದೇಶ ಸಹಿಗೆ ನಿನ್ನ ಮೇಜಿಗೇ ಬರುತ್ತದೆ. ಅಮ್ಮನೆಂದು ನನ್ನೊಬ್ಬಳನ್ನು ಬಿಟ್ಟುಬಿಡಬೇಡ. ನನ್ನನ್ನು ಬಿಟ್ಟರೆ ಸರದಿಯಲ್ಲಿ ಮುಂದಿನ ಹೆಸರು ಹಾತಿಮ್‌ನದು.