ಏಳು ಮನೆಯ ಹೊದಿಕೆ

ಬಳ್ಳಾರಿ, ಫೆಬ್ರವರಿ ೩೦, ೨೧೭೪

ನೂರೈವತ್ತು ವರ್ಷ ಹಿಂದಿರುವ ಹಿರಿಯರಿಗೆ ಹೊನ್ನೂರಮ್ಮ ಮಾಡುವ ನಮಸ್ಕಾರ. ತಾರೀಖು ನೋಡಿ ಹುಬ್ಬೇರಿಸಬೇಡಿ. ತಿಂಗಳುಗಳನ್ನು ನಾವು ಸರಿಸಮ ಮಾಡಿಕೊಂಡಿದ್ದೇವೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಬೇಕು. ಅರವತ್ತೆರಡರ ಮುದುಕಿ ನಾನು, ಬಾಯಿ ಸ್ವಲ್ಪ ಜಾಸ್ತಿ. ಅದರ ಮೇಲೆ ಇವತ್ತು ಮೊಮ್ಮಗಳ ಮದುವೆ ಆಗಿದೆ, ಸಂತೋಷ ತಡೆಯಲಾಗುತ್ತಿಲ್ಲ.

ನನ್ನ ಕೆಲಸ ಬಿಚ್ಚುಮನೆಯಲ್ಲಿ. ಹಳೆಯ ಉಡುಪುಗಳ ಹೊಲಿಗೆ ಬಿಚ್ಚಿ, ಬಟ್ಟೆ, ಜಿಪ್ಪು, ಗುಂಡಿಗಳನ್ನು ಬೇರ್ಪಡಿಸುವ ಜಾಗ ಅದು. ನಮ್ಮ ಮುತ್ತಜ್ಜಿಯ ಕಾಲದಲ್ಲಿ ಉಸಿರುಬೇನೆ ಎಂಬ ಸಾಂಕ್ರಾಮಿಕ ಬಂತಂತೆ. ನೀವು ಕಂಡಿದ್ದರ ತಂಗಿ ಇರಬೇಕು. ಊರಿನ ಜೀನ್ಸ್ ಹೊಲಿಯುವ ಘಟಕಗಳೆಲ್ಲ ಬಾಗಿಲು ಹಾಕಿದವು. ಹೊಸ ಬಟ್ಟೆ ಬರಲಿಲ್ಲ, ಬಂದರೂ ಕೊಳ್ಳುವಷ್ಟು ಹಣ ಯಾರಲ್ಲೂ ಇರಲಿಲ್ಲ. ಆಗ ನಮ್ಮ ಓಣಿಯ ಏಳು ಮನೆಯವರು ತಮ್ಮ ಹಳೆಯ ಬಟ್ಟೆಗಳನ್ನೆಲ್ಲ ಒಂದು ಕಡೆ ಸುರಿದು, ಬಿಚ್ಚಿ, ಮತ್ತೆ ಹೊಲಿದು ಅಗ್ಗಕ್ಕೆ ಮಾರಿದರು. ಕೈಗೆ ಕೆಲಸ ಬಂತು, ಒಲೆ ಉರಿಯಿತು. ಈಗ ಊರಿಗೆ ಊರೇ ಇದರಿಂದ ಬದುಕಿದೆ. ಹರಿದ ಪ್ಯಾಂಟು ಚೀಲವಾಗುತ್ತದೆ, ಚೀಲ ಸವೆದರೆ ನೂಲಾಗುತ್ತದೆ, ನೂಲಿಗೂ ಬಾರದ ಚಿಂದಿ ಹಾಸಿಗೆಯೊಳಗೆ ಹೋಗುತ್ತದೆ. ಬಣ್ಣದ ನೀರನ್ನು ಸೋಸಿ ಹತ್ತಿ ಹೊಲಕ್ಕೆ ಬಿಡುತ್ತೇವೆ. ಕಸ ಎಂದರೆ ಏನೆಂದು ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕು. ಹಿಂದಿನವರ ನೆನಪಿಗೆ, ಓಣಿಯ ಏಳೂ ಮನೆಯ ಬಟ್ಟೆ ಸೇರಿಸಿ ಹೊಲಿದ ಹೊದಿಕೆ ಹೊದ್ದೇ ವಧೂವರರು ಹಾರ ಬದಲಿಸಬೇಕು. ಒಂದು ಮನೆಯ ತುಂಡು ಕಡಿಮೆಯಾದರೂ ಮದುವೆ ಮುಂದಿನ ವರ್ಷಕ್ಕೆ.

ಇಲ್ಲೇ ನಾನು ಎಡವಟ್ಟು ಮಾಡಿಕೊಂಡಿದ್ದು. ಪಕ್ಕದ ಮನೆಯ ಎರ್ರಿಸ್ವಾಮಿ ಗುಂಡಿ ಹಾಕಿಸಲು ಒಂದು ನೀಲಿ ಕೋಟು ತಂದಿಟ್ಟಿದ್ದ. ತೀರಿಕೊಂಡ ಹೆಂಡತಿ ಹೊಲಿದುಕೊಟ್ಟ ಕೋಟು. ನನ್ನ ಕೈ ಸುಮ್ಮನಿರಬೇಕಲ್ಲ! ಬಿಚ್ಚುವ ರಾಶಿಯದೆಂದು ತಿಳಿದು ತೋಳು, ಕಾಲರು, ಜೇಬು ಎಲ್ಲ ಬಿಚ್ಚಿ ಅಚ್ಚುಕಟ್ಟಾಗಿ ಮಡಚಿಟ್ಟೆ. ಮತ್ತೆ ಹೊಲಿದು ಕೊಡುತ್ತೇನೆಂದರೆ, "ಆಕಿ ಹಾಕಿದ ಹೊಲಿಗಿ ನೀನು ಹಾಕ್ತೀಯೇನು?" ಎಂದು ಹೋದವನು ಎಂಟು ತಿಂಗಳು ನನ್ನ ಮುಖ ನೋಡಲಿಲ್ಲ. ತಪ್ಪು ನನ್ನದೇ.

ಏಳು ಮನೆಗಳಲ್ಲಿ ಅವನದೂ ಒಂದು, ನಿನ್ನೆ ಅವನ ಬಾಗಿಲಿಗೆ ಹೋಗಿ ಕೈಮುಗಿದು ಹೊದಿಕೆಗೆ ಒಂದು ತುಂಡು ಬಟ್ಟೆ ಕೇಳಿದೆ. ಬಾಗಿಲು ಹಾಕಿಕೊಂಡ. ಇವತ್ತು ಮುಹೂರ್ತಕ್ಕೆ ಅರ್ಧ ಗಂಟೆ ಇದೆ, ಆರು ಮನೆಯ ಹೊದಿಕೆ ಹಿಡಿದು ನಿಂತಿದ್ದೇನೆ, ಮೊಮ್ಮಗಳು ಪಂಪಾವತಿಯ ಕಣ್ಣು ತುಂಬಿದೆ. ಅಷ್ಟರಲ್ಲಿ ಎರ್ರಿಸ್ವಾಮಿ ದುಮುಗುಡುತ್ತಾ ಚಪ್ಪರದೊಳಗೆ ಬಂದ. ಎಲ್ಲರೆದುರು ಮೈಮೇಲಿದ್ದ ಅಂಗಿ ಕಳಚಿ ನನ್ನ ಕೈಗೆ ತುರುಕಿ, "ತಗೋ ಹೊನ್ನೂರಕ್ಕ, ಬಿಚ್ಚು. ಈ ಸಲ ನಾನೇ ಹೇಳೀನಿ!" ಎಂದ. ಚಪ್ಪರಕ್ಕೆ ಚಪ್ಪರವೇ ಬಿದ್ದು ಬಿದ್ದು ನಕ್ಕಿತು. ನಾನು ಮಾತ್ರ ಅಂಗಿಯನ್ನು ಅವುಚಿಕೊಂಡು ಅತ್ತುಬಿಟ್ಟೆ.

ಅದರ ಹೊಲಿಗೆ ಸಲೀಸಾಗಿ ಬಿಚ್ಚಿಕೊಂಡಿತು, ಏಳನೆಯ ತುಂಡು ಹೊದಿಕೆಗೆ ಸೇರಿತು, ಮುಹೂರ್ತ ತಪ್ಪಲಿಲ್ಲ. ಹಿರಿಯರೇ, ನನ್ನದೊಂದೇ ಕೋರಿಕೆ. ನಿಮ್ಮ ಕಾಲದ ಬಟ್ಟೆ ಈಗಲೂ ನೆಲ ಅಗೆದಾಗ ಸಿಗುತ್ತದೆ. ಅಂಟು ಹಚ್ಚಿ, ಪ್ಲಾಸ್ಟಿಕ್ ಬೆರೆಸಿ ಕೂಡಿಸಿದ್ದು. ಎಷ್ಟು ಹೆಣಗಿದರೂ ಬಿಚ್ಚಲಾಗದು. ಏನನ್ನೇ ಮಾಡಿ, ಮುಂದೆ ಯಾರೋ ಇದನ್ನು ಬಿಚ್ಚಬೇಕು ಎಂದು ನೆನೆದು ಮಾಡಿ. ಅಗೋ, ಎರ್ರಿಸ್ವಾಮಿ ಬನಿಯನ್ನಿನಲ್ಲೇ ಪಂಕ್ತಿಗೆ ಕೂತು, ಸಾರಿಗೆ ಉಪ್ಪಿಲ್ಲವೆಂದು ನನ್ನ ಹೆಸರು ಹಿಡಿದು ಕೂಗುತ್ತಿದ್ದಾನೆ. ಎಂಟು ತಿಂಗಳ ಮೇಲೆ ಕೇಳಿದ ಬೈಗುಳ. ಉಪ್ಪು ಬಡಿಸಬೇಕು, ಬರಲೇ?