ಕಿವಿಯಲ್ಲಿ ಕೂರದ ರಬ್ಬರ್ ಟೋಪಿ

ಊಟದ ಕೋಣೆ, ಕಿಟಕಿ ಪಕ್ಕದ ಮೇಜು
ಗುರುವಾರ, ತಾರೀಖು ಹದಿನೇಳು

ನನ್ನ ಮುದ್ದಿನ ಅಕ್ಕಾ,

ಹೇಗಿದ್ದೀಯ? ಕಾಲಿನ ಊತ ಇಳಿಯಿತೇ? ಭಾವ ನಿನ್ನನ್ನು ಕೂರಿಸಿ ತಾವೇ ನೀರು ಹೊರುತ್ತಾರೆಂದು ಬರೆದಿದ್ದೆಯಲ್ಲ, ಓದಿ ನಾನೂ ಅಮ್ಮನೂ ಹೊಟ್ಟೆ ತುಂಬ ನಕ್ಕೆವು. ಏಳನೇ ತಿಂಗಳಲ್ಲಿ ಮೆಟ್ಟಿಲು ಹತ್ತಬೇಡ ಎಂದು ಬರೆಯಲು ಅಮ್ಮ ಮೂರು ಸಲ ಹೇಳಿದ್ದಾಳೆ. ಮೂರನ್ನೂ ಸೇರಿಸಿ ಒಂದೇ ಸಲ ಬರೆದಿದ್ದೇನೆ, ಮೂರು ಸಲ ಓದಿಕೋ. ಫೋನಿನಲ್ಲಿ ನಾನು ‘ಹೂಂ’, ‘ಊಹೂಂ’ ಬಿಟ್ಟರೆ ಬಾಯಿ ಬಿಡುವುದಿಲ್ಲ ಎಂದು ನೀನು ಬೈಯುತ್ತೀಯ. ಅದಕ್ಕೇ ಈ ಕಾಗದ. ಐದನೇ ಕ್ಲಾಸಿಗೆ ನಿಂತ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದು.

ಅಕ್ಕಾ, ನಿನ್ನೆ ನಾನು ಕೇಳುವ ಕೋಣೆಯೊಳಗೆ ಹೋಗಿದ್ದೆ! ನೀನು ಇದೇ ಕಾರ್ಖಾನೆಯ ಬೆಸುಗೆ ಮೇಜಿನಲ್ಲಿ ನಾಲ್ಕು ವರ್ಷ ಕೂತೆ, ಆದರೂ ಆ ಬಾಗಿಲು ದಾಟಿರಲಿಲ್ಲ ಅಲ್ಲವೇ? ಗೋಡೆಗೆಲ್ಲ ಸ್ಪಂಜು ಅಂಟಿಸಿದ್ದಾರೆ. ಕೆಮ್ಮಿದರೆ ಕೆಮ್ಮು ಅಲ್ಲೇ ಕಾಲ ಬುಡದಲ್ಲಿ ಬಿದ್ದುಹೋಗುತ್ತದೆ. ನಮ್ಮಲ್ಲಿ ಈಗ ಹೊಸ ಇಯರ್‌ಫೋನ್ ತಯಾರಾಗುತ್ತಿದೆ. ನಿನ್ನ ಕಾಲದ ಹಾಗೆ ಕಿವಿಯ ಹೊರಗೆ ಜೋತುಬೀಳುವುದಲ್ಲ, ತೂತಿನೊಳಗೇ ಹೋಗಿ ಕೂರುವಂಥದ್ದು. ತುದಿಗೆ ಪುಟ್ಟ ರಬ್ಬರ್ ಟೋಪಿ ಇರುತ್ತದೆ. ಪ್ಯಾಕಿಂಗ್ ಮೇಜಿನಲ್ಲಿ ಆ ಟೋಪಿ ತೊಡಿಸುವವಳು ನಾನು, ಡಬ್ಬಿಗೆ ತುಂಬುವವರು ಉಳಿದವರು. ಮೊದಲ ಎರಡು ಸಾವಿರ ಜೊತೆ ಶನಿವಾರ ಲಾರಿ ಹತ್ತಬೇಕು. ಆ ಕೋಣೆಯಲ್ಲಿ ಕೂತು ಕೇಳಿ ನೋಡಿ ಒಪ್ಪಿಗೆ ಕೊಡುವ ಕೆಲಸದವನಿಗೇ ಕಿವಿನೋವು ಬಂದು ರಜೆ ಹಾಕಿದ್ದಾನೆ. ಹಾಗಾಗಿ ಸೂಪರ್‌ವೈಸರ್ ಒಂದೊಂದು ಮೇಜಿನಿಂದ ಒಬ್ಬೊಬ್ಬರನ್ನು ಕರೆದರು. ನಮ್ಮ ಮೇಜಿನವರು, ‘ಇವಳನ್ನ ಕಳಿಸಿ, ಮಾತಂತೂ ಆಡಲ್ಲ, ಕೇಳೋದಾದ್ರೂ ಕೇಳ್ತಾಳೆ’ ಎಂದು ನನ್ನನ್ನು ದೂಡಿಬಿಟ್ಟರು.

ಪರೀಕ್ಷೆ ಹೇಗೆ ಗೊತ್ತೇ? ಮೊದಲು ಒಬ್ಬ ಹೆಂಗಸು ಮಾತಾಡುತ್ತಾಳೆ, ಆಮೇಲೆ ಗಾಜಿನ ಲೋಟಕ್ಕೆ ಚಮಚ ತಾಗುತ್ತದೆ, ಕೊನೆಗೆ ಡೋಲು. ಅದಾದ ಮೇಲೆ ಇಪ್ಪತ್ತು ನಿಮಿಷ ಹಾಕಿಕೊಂಡೇ ನಡೆಯಬೇಕು, ಬಗ್ಗಬೇಕು, ಏನಾದರೂ ಅಗಿಯಬೇಕು. ಹೆಂಗಸಿನ ದನಿ ಎಷ್ಟು ಸ್ವಚ್ಛವೆಂದರೆ, ಮಾತಿಗೆ ಮೊದಲು ಅವಳು ಉಸಿರೆಳೆದುಕೊಂಡದ್ದೂ ಕೇಳಿಸಿತು. ಚಮಚ ಹಲ್ಲಿಗೇ ತಾಗಿದಂತಾಯಿತು. ಡೋಲು ಮಾತ್ರ ಆಚೆ ಬೀದಿಯಲ್ಲಿ ಯಾರೋ ಪ್ಲಾಸ್ಟಿಕ್ ಬಕೆಟ್ ಬಡಿದ ಹಾಗೆ. ಹತ್ತು ನಿಮಿಷಕ್ಕೆ ಕಿವಿ ನೋಯಲು ಶುರುವಾಯಿತು, ಬಿಸ್ಕತ್ತು ಅಗಿದರೆ ಪುಳಕ್ಕನೆ ಹೊರಗೆ ಬಂತು. ಹೆಚ್ಚುಕಡಿಮೆ ಎಲ್ಲರದೂ ಇದೇ ಪಾಡು. ಗೋದಾಮಿನ ಮಾವ ಒಬ್ಬರೇ, ‘ನಂಗೇನೋ ಎದೆ ನಡುಗೋ ಹಾಗೆ ಕೇಳ್ತಿದೆ ಕಣ್ರಪ್ಪಾ’ ಎಂದರು. ಮೊರದಂಥ ಕಿವಿಗೆ ಎಲ್ಲಾ ಕೇಳುತ್ತೆ ಎಂದು ಉಳಿದವರು ನಕ್ಕು, ಅವರ ಮಾತನ್ನು ಅಲ್ಲಿಗೇ ಬಿಟ್ಟರು.

ಸೂಪರ್‌ವೈಸರ್ ಮುಖ ದಪ್ಪಗಾಯಿತು. ‘ತಂತಿ ಬೆಸುಗೆ ಸರಿಯಾಗಿಲ್ಲ’ ಎಂದವರೇ ದೊಡ್ಡಮ್ಮನನ್ನು ಕರೆಸಿದರು. ಹೌದು ಅಕ್ಕಾ, ನಿನ್ನ ಕೈ ಹಿಡಿದು ಬೆಸುಗೆ ಕಲಿಸಿದ ಅದೇ ದೊಡ್ಡಮ್ಮ. ಈಚೆಗೆ ಅವಳ ಕೈ ಸ್ವಲ್ಪ ನಡುಗುತ್ತದೆ, ಅದನ್ನೇ ಹಿಡಿದುಕೊಂಡರು. ‘ಇಪ್ಪತ್ತು ವರ್ಷ ದುಡಿದಿದ್ದೀರಿ, ಸಾಕು. ನಾಳೆಯಿಂದ ಮನೇಲಿ ಆರಾಮಾಗಿರಿ’ ಎಂದರು. ಅವಳು ಕನ್ನಡಕ ತೆಗೆದು ಒರೆಸುತ್ತ, ‘ಮನೇಲಿ ಆರಾಮ ಯಾರು ತಂದಿಟ್ಟಿದಾರಪ್ಪಾ ನಂಗೆ?’ ಎಂದಳು.

ನಾನು ಮೂಲೆಯಲ್ಲಿ ಇನ್ನೂ ಇಯರ್‌ಫೋನನ್ನು ಕಿವಿಯಲ್ಲಿಟ್ಟುಕೊಂಡೇ ನಿಂತಿದ್ದೆ, ಡೋಲು ಬರುತ್ತಲೇ ಇತ್ತು. ಜಾರುತ್ತಿದೆಯೆಂದು ಬೆರಳಿನಿಂದ ಒತ್ತಿ ಹಿಡಿದೆ ನೋಡು, ಧಿಂ ಎಂದಿತು ಡೋಲು! ಬಕೆಟ್ ಅಲ್ಲ, ನಿಜವಾದ ಡೋಲು, ಎದೆಗೇ ಬಂದು ಬಡಿಯಿತು. ಬೆರಳು ಬಿಟ್ಟೆ, ಮತ್ತೆ ಬಕೆಟ್. ಒತ್ತಿದೆ, ಡೋಲು. ಬೆಸುಗೆ ಕೆಟ್ಟಿದ್ದರೆ ಒತ್ತಿದಾಗ ಮಾತ್ರ ಹೇಗೆ ಸರಿಯಾಗುತ್ತದೆ? ಟೋಪಿ ದೊಡ್ಡದಾಗಿ, ಕಿವಿಯಲ್ಲಿ ಕೂರದೆ, ಸಂದಿಯಿಂದ ಸದ್ದಿನ ತೂಕವೆಲ್ಲ ಸೋರಿಹೋಗುತ್ತಿತ್ತು ಅಷ್ಟೆ. ಓಡಿಹೋಗಿ ನನ್ನ ಮೇಜಿನಿಂದ ಒಂದಳತೆ ಚಿಕ್ಕ ಟೋಪಿ ತಂದು ತೊಡಿಸಿದೆ. ಕಿವಿಗೆ ಏನೋ ಹಾಕಿದ್ದೇನೆಂಬುದೇ ಮರೆತುಹೋಯಿತು, ಒತ್ತದೆಯೇ ಡೋಲು ಧಿಂ ಎಂದಿತು. ಇದನ್ನೆಲ್ಲ ಹೇಳಬೇಕೆಂದು ಬಾಯಿ ತೆರೆದರೆ ಗಾಳಿ ಬಂತೇ ಹೊರತು ಮಾತು ಬರಲಿಲ್ಲ. ಕೊನೆಗೆ ಏನು ಮಾಡಿದೆ ಗೊತ್ತೇ? ಸೀದಾ ಹೋಗಿ ಸೂಪರ್‌ವೈಸರ್ ಕಿವಿಗೇ ಅದನ್ನು ತುರುಕಿಬಿಟ್ಟೆ! ಆ ಬಾಗಿಲಗಲದ ಮನುಷ್ಯನಿಗೆ ಮಗುವಿನಷ್ಟೇ ಕಿವಿ. ಅವರು ಮೊದಲು ‘ಏಯ್!’ ಎಂದರು, ಆಮೇಲೆ ಅವರ ಕಾಲು ತಾಳ ಹಾಕತೊಡಗಿತು. ‘ದೊಡ್ಡಮ್ಮಾ, ನಿಮ್ಮ ಮೇಜಿಗೆ ಹೋಗಿ’ ಎಂದರು. ನನ್ನ ಕಡೆ ತಿರುಗಿ, ‘ನಿಂಗೆ ಕಿವಿ ಇದೆ. ಸೋಮವಾರದಿಂದ ಈ ಕೋಣೇಲೇ ಕೂರು’ ಎಂದರು. ಅಕ್ಕಾ, ನನಗೆ! ನೆಲ ಕಾಲಿಗೆ ಸಿಗಲಿಲ್ಲ.

ದೊಡ್ಡ ಟೋಪಿ ಕಳಿಸಿದ್ದು ಗೋದಾಮಿನ ತಪ್ಪೆಂದು ಈಗ ಮಾವನ ಮೇಲೆ ಗೂಬೆ ಕೂತಿದೆ. ಒಂದು ವಾರ ಬರಬೇಡಿ ಎಂದಿದ್ದಾರಂತೆ. ಅದಿರಲಿ. ಭಾವನಿಗೆ ನಮಸ್ಕಾರ, ನಿನ್ನ ಹೊಟ್ಟೆಯಲ್ಲಿರುವ ಪುಟಾಣಿಗೆ ಚಿಕ್ಕಮ್ಮನ ಮುತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಬೆನ್ನ ಹಿಂದೆ ಅಡಗುತ್ತಿದ್ದ,
ತಂಗಿ

ವಿ.ಸೂ.: ಅಂಟಿಸಿದ ಲಕೋಟೆ ಬಿಚ್ಚಿ ಅವಸರದಲ್ಲಿ ಬರೆಯುತ್ತಿದ್ದೇನೆ. ‘ಅದಿರಲಿ’ ಎಂದು ಬರೆದೆನಲ್ಲ, ಅದನ್ನು ಹಾಗೇ ಬಿಡಲಾಗಲಿಲ್ಲ. ಮಾವನದು ತಪ್ಪಲ್ಲ ಅಕ್ಕಾ, ನನ್ನದು. ಗೋದಾಮಿನಿಂದ ಬಂದ ಟೋಪಿಗಳ ಎರಡು ತಟ್ಟೆಗಳ ಅಳತೆ ಚೀಟಿ ಕಿತ್ತುಹೋಗಿತ್ತು. ಯಾವುದು ಯಾವ ಅಳತೆಯದೆಂದು ಕೇಳಲು ಗೋದಾಮಿನ ಬಾಗಿಲವರೆಗೂ ಹೋದೆ. ಒಳಗೆ ನಾಲ್ಕೈದು ಗಂಡಸರು ನಗುತ್ತ ನಿಂತಿದ್ದರು. ನಾಚಿಕೆಯಾಗಿ ತಿರುಗಿ ಬಂದು ಕಣ್ಣಂದಾಜಿನಲ್ಲಿ ಒಂದು ತಟ್ಟೆ ಎತ್ತಿಕೊಂಡೆ. ಲಕೋಟೆ ಅಂಟಿಸಿದ ಮೇಲೆ ಹೋಗಿ ಸೂಪರ್‌ವೈಸರ್ ಎದುರು ಇಷ್ಟನ್ನೂ ಬಾಯಿಬಿಟ್ಟು ಹೇಳಿಬಂದೆ. ಮಾವನಿಗೆ ನಾಳೆಯೇ ಬರಲು ಹೇಳಿ ಕಳಿಸಿದರು. ನನಗೆ, ‘ಸೋಮವಾರದ ಮಾತು ಸೋಮವಾರ ನೋಡೋಣ, ಮೊದಲು ನಾಲ್ಕು ಸಾವಿರ ಟೋಪೀನೂ ನೀನೇ ಬದಲಾಯಿಸು’ ಎಂದರು. ಇನ್ನೂರಾಗುವಷ್ಟರಲ್ಲಿ ಬೆರಳ ತುದಿ ಕೆಂಪಾಗಿದೆ. ದೊಡ್ಡಮ್ಮ ತನ್ನ ಸ್ಟೂಲು ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತಿದ್ದಾಳೆ. ‘ನನ್ನ ಹೊಟ್ಟೆ ಉರಿಸಿದವಳು ನೀನೇನಾ? ಸರಿ, ಆ ತಟ್ಟೆ ಇತ್ತ ತಳ್ಳು’ ಎನ್ನುತ್ತಿದ್ದಾಳೆ.